ಸವೆದ ಬೆರಳಿಗೆ ಗುರುತು ಕೇಳುವವರಿಗೆ

ನಮ್ಮ ಅಜ್ಜಂದಿರು ಹೆಬ್ಬೆಟ್ಟು ಒತ್ತಿ ಕೆಟ್ಟರು. ಸಾಹುಕಾರ ಪತ್ರ ಬರೆಸುತ್ತಿದ್ದ. ಅದರಾಗ ಏನೈತಿ ಅಂತ ಓದಿ ಹೇಳುತ್ತಿರಲಿಲ್ಲ. 'ಒತ್ತಲೇ' ಅಂದರೆ ಒತ್ತಬೇಕು. ಮಸಿ ಆರುವುದರೊಳಗೆ ಹೊಲ ಹೋಗುತ್ತಿತ್ತು, ಹೊಲ ಕಳಕೊಂಡವನ ಮಗ ಜೀತಕ್ಕೆ ಹೋಗುತ್ತಿದ್ದ. ಜೀತ ರದ್ದತಿಯ ಕಾಯ್ದೆ ಬರಲಿಕ್ಕೆ 1976 ಆಗಬೇಕಾಯಿತು. ನಮ್ಮನ್ನು ಶಾಲೆಗೆ ಕಳಿಸಿದ ಅವ್ವಂದಿರಿಗೆ ಬಿ.ಎ., ಎಂ.ಎ. ಅಂದರೆ ಏನೆಂದು ಗೊತ್ತಿರಲಿಲ್ಲ. ಅವರು ಬೇಡಿದ್ದು ಒಂದೇ: ನನ್ನ ಮಗ ಸಹಿ ಮಾಡಂಗಾಗ್ಲಿ.

ಸಹಿ ಕಲಿತೆವು. ಈಗ ಆ ಸಹಿ ಯಾರಿಗೂ ಬೇಡ! ನ್ಯಾಯಬೆಲೆ ಅಂಗಡಿಗೆ ಹೋದರೆ, ಬ್ಯಾಂಕಿಗೆ ಹೋದರೆ, ಸಿಮ್ ಕೊಳ್ಳಲಿಕ್ಕೆ ಹೋದರೆ 'ಬೆರಳಿಡ್ರಿ' ಅನ್ನುತ್ತಾರೆ. ಮಸಿ ಡಬ್ಬಿಯ ಜಾಗದಲ್ಲಿ ದೀಪ ಹತ್ತುವ ಗಾಜು ಬಂದು ಕುಂತಿದೆ.

ಈ ವಿದ್ಯೆ ಹಳೆಯದು. 1858ರಲ್ಲಿ ಬಂಗಾಳದ ಜಂಗಿಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಇಂಗ್ಲಿಷ್ ಅಧಿಕಾರಿ ಗುತ್ತಿಗೆದಾರನೊಬ್ಬನ ಇಡೀ ಅಂಗೈಯನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ನಾಳೆ ಇದು ನನ್ನ ಸಹಿಯಲ್ಲ ಅಂದಾನು ಎಂಬ ಅನುಮಾನ! ಆಮೇಲೆ ಅದು ಪೊಲೀಸರ ಕೈಗೆ ಹೋಯಿತು. 2010ರ ಸೆಪ್ಟೆಂಬರ್ 29ರಂದು ದೇಶದ ಮೊದಲ ಆಧಾರ್ ಸಂಖ್ಯೆ ಕೊಟ್ಟದ್ದು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ತೆಂಭಲಿ ಎಂಬ ಆದಿವಾಸಿಗಳ ಹಳ್ಳಿಯಲ್ಲಿ. ಪ್ರಯೋಗ ಯಾವತ್ತೂ ಇಂಥವರ ಮೈಮೇಲೆಯೇ ಮೊದಲು. (ಏಕಲವ್ಯನ ಕತೆ ಇಲ್ಲಿ ನೆನಪಾಗುತ್ತದೆ. ನಮ್ಮ ಕವಿಗಳು ಅದನ್ನು ಸಾಕಷ್ಟು ಸವೆಸಿದ್ದಾರೆ, ಬಿಡಿ.)

ದಾವಣಗೆರೆಯ ಮಂಡಿಪೇಟೆಗೆ ಬನ್ನಿ. ದಿನಕ್ಕೆ ನೂರಾರು ಚೀಲ ಏರಿಸಿ ಇಳಿಸುವ ಹಮಾಲರ ಕೈ ನೋಡಿ. ಗೋಣಿಯ ನಾರು, ಕೊಕ್ಕೆ, ಲಾರಿಯ ಹಗ್ಗ ತಿಂದು ಉಳಿದ ಬೆರಳು ಅವು. ಅಲ್ಲಿಂದ ಮಂಡಕ್ಕಿ ಭಟ್ಟಿಗೆ ಬನ್ನಿ. ಕಾದ ಮರಳಿನ ಮುಂದೆ ವರ್ಷಗಟ್ಟಲೆ ಕುಂತ ಹೆಂಗಸರ ಬೆರಳಲ್ಲಿ ಗೆರೆ ಎಲ್ಲಿ ಉಳಿದಾವು? ಊರಿನ ಗಟಾರ ಬಳಿಯುವ ಪೌರಕಾರ್ಮಿಕರ ಕೈಯನ್ನು ನಾವು ಬೇರೆ ವರ್ಣಿಸಬೇಕೆ? ಯಂತ್ರ ಅನ್ನುತ್ತದೆ: ನೀನು ನೀನಲ್ಲ. ಅಂಗಡಿಯವ ಅನ್ನುತ್ತಾನೆ: 'ಗುರ್ತು ಬರವಲ್ದು ಯಮ್ಮಾ, ನಾಳಿ ಬಾ.' ನಾಳೆ ಹೋದರೆ ಸರ್ವರ್ ಇಲ್ಲ. ಎರಡು ದಿನದ ಕೂಲಿ ಹೋಯಿತಲ್ಲ, ಅದನ್ನು ಯಾರು ಕೊಡುತ್ತಾರೆ? ಕುರ್ಚಿಯಲ್ಲಿ ಕುಂತವನ ನುಣುಪು ಬೆರಳು ಒಂದೇ ಏಟಿಗೆ ಪಾಸಾಗುತ್ತದೆ. ದುಡಿದ ಬೆರಳು ಮಾತ್ರ ನಪಾಸು.

ಇದು ನಮ್ಮ ಕಲ್ಪನೆ ಅನ್ನುವವರಿಗೆ ಅವರದೇ ಲೆಕ್ಕ ಕೊಡುತ್ತೇವೆ. ಸರ್ಕಾರಿ ಸೇವೆಗಳಲ್ಲಿ ನೂರಕ್ಕೆ 12 ಸಲ ಗುರುತು ಹೊಂದುವುದಿಲ್ಲ ಎಂದು 2018ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಪ್ಪಿಕೊಂಡದ್ದು ಆಧಾರ್ ಪ್ರಾಧಿಕಾರವೇ. ಆ ಹನ್ನೆರಡರಲ್ಲಿ ಯಾರಿರುತ್ತಾರೆ ಅಂತ ಬಿಡಿಸಿ ಹೇಳಬೇಕೆ?

2017ರ ಜುಲೈನಲ್ಲಿ ನಮ್ಮದೇ ರಾಜ್ಯದ ಗೋಕರ್ಣದಲ್ಲಿ ಒಂದೇ ದಲಿತ ಮನೆಯ ಮೂವರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ಸತ್ತರು. ಪಡಿತರ ಚೀಟಿ ಆಧಾರಿಗೆ ಜೋಡಿಸಿಲ್ಲವೆಂದು ಆ ಮನೆಗೆ ಅಕ್ಕಿ ನಿಂತಿತ್ತು, ಇದು ಹಸಿವಿನ ಸಾವು ಎಂದರು ಸತ್ಯಶೋಧನೆಗೆ ಹೋದವರು. ಸರ್ಕಾರ ಒಪ್ಪಲಿಲ್ಲ. ಕುಡಿತದ ಮಾತು ಎತ್ತಿತು. ನಮ್ಮವರು ಸತ್ತಾಗೆಲ್ಲ ಕುಡಿದೇ ಸಾಯುತ್ತಾರೆ!

ಆಧಾರಿನ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರನ್ನು ಉಳಿಸಿತು. ಆದರೆ ಗುರುತು ಹೊಂದಲಿಲ್ಲವೆಂದು ಅರ್ಹರಿಗೆ ಸೌಲಭ್ಯ ತಪ್ಪಬಾರದು ಎಂಬ ಮಾತೂ ಅದರೊಳಗೇ ಇದೆ. ಆ ಪುಟ ಮಾತ್ರ ನಮ್ಮ ಕೇರಿಯ ಅಂಗಡಿ ತನಕ ನಡೆದು ಬಂದಿಲ್ಲ.

ನಮ್ಮ ಗೆಳೆಯರಲ್ಲೇ ಕೆಲವರು ವಾದ ಮಾಡುತ್ತಾರೆ: 'ಮೊಬೈಲ್ ದುಡ್ಡಿಗೆ ಜಾತಿ ಇಲ್ರಿ.' ಸ್ವಲ್ಪ ನಿಜ. ವಿದ್ಯಾರ್ಥಿವೇತನ, ಪಿಂಚಣಿ, ಗೃಹಲಕ್ಷ್ಮಿ ನೇರ ಖಾತೆಗೆ ಬಿದ್ದಾಗ ನಡುವೆ ಕೈ ಚಾಚುವವನು ತಪ್ಪಿದ. ಇದನ್ನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಅಂಗೈಗೆ ತಾಗದಂತೆ ಮೇಲಿಂದ ಚಿಲ್ಲರೆ ಉದುರಿಸುತ್ತಿದ್ದವನು ಈಗ ಸ್ಕ್ಯಾನರ್ ತೋರಿಸುತ್ತಾನೆ. ಉದುರಿಸುವ ಶ್ರಮವೂ ಅವನಿಗೆ ಉಳಿಯಿತು. ಮುಟ್ಟದೆ ವ್ಯಾಪಾರ ಮಾಡುವ ಯಂತ್ರ ಬಂದರೆ ಮುಟ್ಟಿಸಿಕೊಳ್ಳದ ಮನಸ್ಸು ಬದಲಾದಂತೆಯೇ?

ಹಣಕಾಸಿನ ಮಾತು ಕವಿಗಳಿಗೆ ಯಾಕೆ ಅನ್ನುವವರೂ ಇದ್ದಾರೆ. ಬಾಬಾಸಾಹೇಬರು ಲಂಡನ್ನಿನಲ್ಲಿ ಮಹಾಪ್ರಬಂಧ ಬರೆದದ್ದು ರೂಪಾಯಿಯ ಸಮಸ್ಯೆಯ ಮೇಲೆ. 1923ರಲ್ಲಿ ಅದು ಪುಸ್ತಕವಾಯಿತು.

ಈಗ ಬೆರಳು ಸಾಲದೆಂದು ಕಣ್ಣಿಗೆ ಬಂದಿದ್ದಾರೆ. ಅಮೆರಿಕದ ಸ್ಯಾಮ್ ಆಲ್ಟ್‌ಮನ್ ಮತ್ತವರ ಜೊತೆಗಾರರು ಕಟ್ಟಿದ ವರ್ಲ್ಡ್‌ಕಾಯಿನ್ 2023ರ ಜುಲೈನಲ್ಲಿ ಲೋಕಕ್ಕೆಲ್ಲ ತೆರೆಯಿತು. ಬೆಳ್ಳಿ ಬಣ್ಣದ ಗೋಳವೊಂದಕ್ಕೆ ಕಣ್ಣು ಕೊಟ್ಟರೆ ನೀನು ಮನುಷ್ಯನೆಂದು ಪ್ರಮಾಣ. ಅನೇಕ ದೇಶಗಳಲ್ಲಿ ಜೊತೆಗೆ ಡಿಜಿಟಲ್ ನಾಣ್ಯ. ನಾವು ಮನುಷ್ಯರು ಅಂತ ಹೇಳಲಿಕ್ಕೆ ಗೋಳ ಬೇಕಾಯಿತೇ! ಕೀನ್ಯಾದ ನೈರೋಬಿಯಲ್ಲಿ ಸುಮಾರು 50 ಡಾಲರ್ ಬೆಲೆಯ ನಾಣ್ಯಕ್ಕಾಗಿ ಸಾವಿರಾರು ಬಡವರು ಸಾಲು ನಿಂತರು. ಆಗಸ್ಟಿನಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಲ್ಲಿಸಿತು. ತೆಗೆದುಕೊಂಡ ಗುರುತುಗಳನ್ನು ಅಳಿಸಿರೆಂದು 2025ರ ಮೇ ತಿಂಗಳಲ್ಲಿ ಅಲ್ಲಿನ ಹೈಕೋರ್ಟು ಹೇಳಿತು. ಬೆಂಗಳೂರಿಗೂ ಆ ಗೋಳ ಬಂದಿತ್ತು, 2023ರಲ್ಲೇ ನಿಂತಿತು. ಹಸಿದವರ ಸಾಲು ಎಲ್ಲಿದೆಯೋ ಅಲ್ಲಿಗೆ ಇಂಥ ಯಂತ್ರ ಮತ್ತೆ ಬರುತ್ತದೆ, ಬೇರೆ ಹೆಸರಿನಲ್ಲಿ.

ಯಂತ್ರ ಒಡೆಯಿರಿ ಅಂತ ನಾವು ಹೇಳುತ್ತಿಲ್ಲ. ಯಂತ್ರ ಸೋತರೆ ಮನುಷ್ಯನ ಮಾತು ನಡೆಯಬೇಕು. ಪ್ರತಿ ಅಂಗಡಿಯಲ್ಲೂ ಕಾಗದದ ಪುಸ್ತಕ ಇರಬೇಕು, ಸಹಿ ಹಾಕಿಸಿಕೊಂಡು ಅಕ್ಕಿ ಕೊಡಬೇಕು. ಕೊಡದಿದ್ದರೆ 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಕಲಮಿನಂತೆ ಆಹಾರ ಭದ್ರತಾ ಭತ್ಯೆ ಕೊಡಬೇಕು. ಈ ಕಲಮು ಇದೆ ಅಂತ ನಮ್ಮ ಮೇಷ್ಟ್ರುಗಳೇ ಕೇರಿಯಲ್ಲಿ ಹೇಳಬೇಕು.

ಮುಂದಿನ ತಿಂಗಳು ಪಡಿತರ ಕೊಡುವ ದಿನ ದಾವಣಗೆರೆ, ಹರಿಹರದ ವಿದ್ಯಾರ್ಥಿ ಗೆಳೆಯರು ಒಂದೊಂದು ನೋಟುಬುಕ್ಕು ಹಿಡಿದು ಅಂಗಡಿ ಮುಂದೆ ನಿಲ್ಲಿ. ಗುರುತು ಬರಲಿಲ್ಲವೆಂದು ಬರಿಗೈಲಿ ವಾಪಸಾದವರ ಹೆಸರು, ಚೀಟಿ ನಂಬರು, ತಾರೀಖು ಬರೆದುಕೊಳ್ಳಿ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಪ್ರತಿ ನಮ್ಮ ಪತ್ರಿಕೆಗೆ.