ಅಮಲಿಗೂ ಒಂದು ಅಳತೆ



ಅಮೆರಿಕದಲ್ಲಿ ನೆಲೆಸಿರುವ ಭಾಲ್ಕಿಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ಫೋನ್ ಮಾಡಿದ್ದ. ಮನೆಬಳಕೆಗೆಂದು ಬಿಯರ್ ತಯಾರಿಸಲು ಆ ದೇಶದ 1978ರ ಕಾಯ್ದೆ ಅವಕಾಶ ನೀಡಿದೆ. ಕುಶಲೋಪರಿಯ ನಂತರ ತುಸು ಸಂಕೋಚದಿಂದ ಕೇಳಿದ: "ಸರ್, ಹುದುಗುವಿಕೆಯ ಪಾಠ ನೀವೇ ಮಾಡಿದವರು. ನಾನು ಮಾಡುವ ಬಿಯರಿನ ಅಮಲು ಹೆಚ್ಚಿಸಲು ಇನ್ನಷ್ಟು ಸಕ್ಕರೆ ಸುರಿದರೆ ಸಾಕೇ?" ಎಂದೂ ಮದ್ಯ ಮುಟ್ಟದ ಮಾಸ್ತರನಿಗೆ ಎಂಥ ಪ್ರಶ್ನೆ! ನಕ್ಕುಬಿಟ್ಟೆ. ಫೋನ್ ಇಟ್ಟ ಮೇಲೆ ಆ ನಗು ಉಳಿಯಲಿಲ್ಲ. ಔರಾದಿನ ಒಂದು ಮನೆ ನೆನಪಾಯಿತು.

ಮೊದಲು ಪಾಠ ಮುಗಿಸುತ್ತೇನೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೊರಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಮದ್ಯಸಾರ ಶೇಕಡಾ 1ರಷ್ಟು ಏರುತ್ತದೆ. ಹಾಗೆಂದು ಸುರಿಯುತ್ತಲೇ ಹೋಗುವಂತಿಲ್ಲ. ತಾನು ಹೊರಬಿಟ್ಟ ಮದ್ಯಸಾರವೇ ಯೀಸ್ಟಿಗೆ ವಿಷ. ಬಿಯರಿನ ಸಾಮಾನ್ಯ ಯೀಸ್ಟ್ ಶೇಕಡಾ 10ರ ಆಸುಪಾಸಿನಲ್ಲಿ ಸೋಲುತ್ತದೆ. ಬರಿಯ ಸಕ್ಕರೆ ಹೆಚ್ಚಾದಷ್ಟೂ ರುಚಿ ತೆಳುವಾಗುತ್ತದೆ. ಹುದುಗು ಮುಗಿಯುವ ಮುನ್ನ ಬಾಟಲಿಗೆ ತುಂಬಿ ಮುಚ್ಚಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿಯುತ್ತದೆ. ಅಮಲು ಹೆಚ್ಚಬೇಕೆಂದರೆ ಮೊಳಕೆ ಬಾರ್ಲಿಯನ್ನೇ ಹೆಚ್ಚಿಸಿ, ಸತ್ವವುಳ್ಳ ಯೀಸ್ಟನ್ನು ಧಾರಾಳವಾಗಿ ಹಾಕಿ, ವಾರಗಟ್ಟಲೆ ಕಾಯಬೇಕು.

ನಮ್ಮ ಈಚಲು ಮರದ ಸೇಂದಿಗೂ ಇದೇ ನಿಯಮ. ರಾತ್ರಿ ಕಟ್ಟಿದ ಮಡಕೆಗೆ ಸುಣ್ಣ ಬಳಿದಿದ್ದರೆ ಬೆಳಿಗ್ಗೆ ಸಿಹಿಯಾದ ನೀರಾ. ಇಲ್ಲದಿದ್ದರೆ ಗಾಳಿಯಿಂದಲೂ ಹಳೆಯ ಮಡಕೆಯಿಂದಲೂ ಯೀಸ್ಟ್ ಸೇರಿ ಸೇಂದಿ. ಅದರ ಅಮಲು ಸುಮಾರು ಶೇಕಡಾ 4-5. ಮರುದಿನಕ್ಕೆ ಇಟ್ಟರೆ ಹುಳಿಯೇರಿ ವಿನೆಗರಿನ ದಾರಿ ಹಿಡಿಯುತ್ತದೆ. ಪ್ರಕೃತಿಯೇ ಹಾಕಿಕೊಟ್ಟ ಅಳತೆ ಅದು.

ಆ ಅಳತೆ ದುರಾಸೆಗೆ ಸಾಲಲಿಲ್ಲ. ನೀರು ಬೆರೆಸಿದರೆ ಲಾಭವುಂಟು, ಅಮಲಿಲ್ಲ. ಆ ಕೊರತೆ ತುಂಬಲು ಬಂದದ್ದು ಕ್ಲೋರಲ್ ಹೈಡ್ರೇಟ್, ಜನರ ಬಾಯಲ್ಲಿ 'ಸಿ.ಎಚ್. ಪೌಡರ್'. ಅದು ಮದ್ಯಸಾರವೇ ಅಲ್ಲ, ನಿದ್ದೆ ಬರಿಸುವ ಔಷಧ. ಅದರ ಜೊತೆಗೆ ಡಯಾಜೆಪಾಮ್, ಅಲ್ಪ್ರಜೋಲಾಮ್ ಕೂಡ ಸೇರಿಕೊಂಡವು.

ನಾನು ಔರಾದಿನಲ್ಲಿದ್ದಾಗ ಗಣಿತದಲ್ಲಿ ಬಲು ಚುರುಕಾದ ಹುಡುಗನೊಬ್ಬನಿದ್ದ. ಅವನ ತಂದೆಗೆ ನಿತ್ಯವೂ ಸೇಂದಿ ಬೇಕು. "ಇಂದಿನಿಂದಲೇ ಬಿಟ್ಟುಬಿಡಿ" ಎಂದು ನಾನು ಗಟ್ಟಿಯಾಗಿ ಉಪದೇಶಿಸಿದೆ. ಮಾಸ್ತರರ ಮಾತೆಂದು ಅವರು ಪಾಲಿಸಿಯೂ ಬಿಟ್ಟರು. ಮೂರನೆಯ ದಿನ ಹುಡುಗ ಶಾಲೆಗೆ ಬರಲಿಲ್ಲ. ಮನೆಗೆ ಹೋದರೆ ತಂದೆ ಫಿಟ್ಸ್ ಬಂದು ಮಲಗಿದ್ದರು. ಮಕ್ಕಳ ಗುರುತೂ ಹತ್ತುತ್ತಿರಲಿಲ್ಲ. "ಬಿಟ್ರ ಹಿಂಗಾಗ್ತದ್ರಿ ಸರ್, ಕುಡದ್ರ ಸುಮ್ಮನಾಗ್ತಾರ" ಎಂದರು ತಾಯಿ. ಅವರನ್ನು ಹಿಡಿದಿದ್ದದ್ದು ಸೇಂದಿಯಲ್ಲ, ಅದರೊಳಗಿನ ಪುಡಿ. ಅದನ್ನು ಒಮ್ಮೆಲೇ ನಿಲ್ಲಿಸುವುದೂ ಅಪಾಯ ಎಂಬುದನ್ನು ಆಮೇಲೆ ಬೀದರಿನ ವೈದ್ಯರೊಬ್ಬರು ನನಗೆ ತಿಳಿಸಿದರು. ಹುಡುಗ ದುಡಿಯಲು ಹೈದರಾಬಾದಿಗೆ ಹೋದ. ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ಅರೆಬರೆ ಉಪದೇಶದ ಭಾರ ಇಂದಿಗೂ ಇಳಿದಿಲ್ಲ.

ಇದು ಹಳೆಯ ಕಥೆಯೆಂದು ಭಾವಿಸಬೇಡಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಆದರೆ ಅಮಲು ಏರಿಸುವ ಹಂಬಲವನ್ನು ಯಾವ ಆದೇಶವೂ ನಿಷೇಧಿಸಲಾರದು. 2025ರ ಜುಲೈನಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಹಲವರ ಪ್ರಾಣ ತೆಗೆಯಿತು. ನಾನು ಮರ ಹತ್ತಿ ಸೇಂದಿ ಇಳಿಸುವವರನ್ನು ದೂರುತ್ತಿಲ್ಲ. ಹೆಂಡ ಮಾರುವುದನ್ನೇ ಕಾಯಕವಾಗಿ ಉಳ್ಳ ಹೆಂಡದ ಮಾರಯ್ಯ ವಚನಕಾರರ ಸಾಲಿನಲ್ಲಿ ನಿಂತವನು. ದೋಷ ವೃತ್ತಿಯದಲ್ಲ, ಅಳತೆ ಮೀರಿದ ಆಸೆಯದು.

ಆದ್ದರಿಂದ ನನ್ನ ವಿದ್ಯಾರ್ಥಿಗೆ ಹೇಳುವುದಿಷ್ಟು: ಯೀಸ್ಟ್ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ನೀನೂ ನಿಲ್ಲಪ್ಪ. ನಿನ್ನ ಪಾತ್ರೆಯಲ್ಲಿ ಏನಿದೆಯೆಂದು ನಿನಗೆ ಗೊತ್ತು. ಆ ತಂದೆಗೆ ಗೊತ್ತಿರಲಿಲ್ಲ. ಇಲ್ಲಿಯೇ ಇರುವವರಿಗೆ ಇನ್ನೊಂದು ಮಾತು: ನಿಮ್ಮ ಮನೆಯಲ್ಲಿ ಯಾರಾದರೂ ಕಲಬೆರಕೆ ಸೇಂದಿಯ ಚಟ ಬಿಡಲು ಮುಂದಾದರೆ, ಮೊದಲು ವೈದ್ಯರ ಬಳಿ ಕರೆದೊಯ್ಯಿರಿ. ನನ್ನಂತೆ ಬರಿಯ ಉಪದೇಶ ಮಾಡಿ ಮನೆಗೆ ಹೋಗಬೇಡಿರಿ.