ಥರ್ಮೋಸ್ಟ್ಯಾಟ್ ಕಿತ್ತೆಸೆದರೆ ಉಳಿತಾಯವೇ?

ಮಾರ್ಚ್ ತಿಂಗಳು ಕಳೆದು ಬಿಸಿಲು ಏರತೊಡಗಿದಂತೆ ಎಂಜಿನ್ ಕಾಯ್ದು ರಸ್ತೆಬದಿಗೆ ನಿಂತ ವಾಹನಗಳು ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಸಾಮಾನ್ಯ ದೃಶ್ಯ. ಸೀರೆಯ ಗಂಟು ಹೊತ್ತ ಪಿಕಪ್ ಇರಲಿ, ಬೆಲ್ಲದ ಪೆಂಟೆ ಹೊತ್ತ ಸಣ್ಣ ಲಾರಿ ಇರಲಿ, ವಸೂಲಿಗೆ ಹೊರಟ ವ್ಯಾಪಾರಸ್ಥರ ಕಾರೇ ಇರಲಿ, ಅನೇಕ ಕಡೆ ದೊರೆಯುವ ಸಲಹೆ ಒಂದೇ: "ಥರ್ಮೋಸ್ಟ್ಯಾಟ್ ತೆಗೆದುಬಿಡಿ, ನಮ್ಮ ಬಿಸಿಲಿಗೆ ಅದು ಬೇಕಾಗಿಲ್ಲ." ಕೆಲವು ನೂರು ರೂಪಾಯಿ ಉಳಿಯಿತೆಂದು ಮಾಲೀಕರು ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ಖರ್ಚು ಉಳಿಯುವುದಿಲ್ಲ. ದುರಸ್ತಿಯ ಲೆಕ್ಕದಿಂದ ಇಂಧನದ ಲೆಕ್ಕಕ್ಕೆ ಸರಿದು, ಅಲ್ಲಿ ಕಣ್ಣಿಗೆ ಬೀಳದಂತೆ ಬೆಳೆಯುತ್ತದೆ.

ಥರ್ಮೋಸ್ಟ್ಯಾಟ್ ಎಂಬುದು ಎಂಜಿನ್ ಹಾಗೂ ರೇಡಿಯೇಟರ್ ನಡುವಿನ ಚಿಕ್ಕ ಕವಾಟ. ಅದರೊಳಗಿನ ಮೇಣ ನಿಗದಿತ ಉಷ್ಣತೆಯಲ್ಲಿ ಕರಗಿ ಹಿಗ್ಗಿದಾಗ ಕವಾಟ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುತ್ತದೆ, ತಣಿದಾಗ ಮುಚ್ಚುತ್ತದೆ. ಎಂಜಿನ್ ಕಾಯದಂತೆ ನೋಡುವುದಷ್ಟೇ ಅದರ ಕೆಲಸವಲ್ಲ, ಬೇಕಾದಷ್ಟು ಕಾಯುವಂತೆ ನೋಡುವುದೂ ಅದರದೇ ಹೊಣೆ. ಬೆಲ್ಲ ತಯಾರಿಸುವವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಪಾಕ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಬೆಲ್ಲ ಕಟ್ಟುವುದಿಲ್ಲ. ಎಂಜಿನ್ನಿಗೂ ತನ್ನದೇ ಆದ ಹದವಿದೆ.

ಮೆಕ್ಯಾನಿಕರ ಸಲಹೆ ಅಜ್ಞಾನದ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹಳೆಯ ಎಂಜಿನ್‌ಗಳಲ್ಲಿ ಕವಾಟ ಮುಚ್ಚಿದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡಾಗ ಅದನ್ನು ತೆಗೆದು ಊರು ಮುಟ್ಟಿದವರು ಬಹಳ ಮಂದಿ. ಆದರೆ ಒಂದು ದಿನದ ತುರ್ತು ಉಪಾಯವೇ ಶಾಶ್ವತ ಪದ್ಧತಿಯಾದುದು ತಪ್ಪು. ಇಂದಿನ ಎಂಜಿನ್ ತಣ್ಣಗೆ ಓಡಿದರೆ ಅದರ ಕಂಪ್ಯೂಟರ್ ಇನ್ನೂ ಕಾದಿಲ್ಲವೆಂದು ತಿಳಿದು ಹೆಚ್ಚು ಇಂಧನ ಬಿಡುತ್ತದೆ. ಆಯಿಲ್‌ನಲ್ಲಿ ಇಂಧನ ಹಾಗೂ ತೇವ ಬೆರೆತು ಎಂಜಿನ್ನಿನ ಸವೆತ ಹೆಚ್ಚುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ ಡೀಸೆಲ್ ವಾಹನಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನು ಶುದ್ಧಗೊಳಿಸಿಕೊಳ್ಳಲು ಎಂಜಿನ್ ಸರಿಯಾದ ಬಿಸಿಯಲ್ಲಿರಬೇಕು. ಇನ್ನು ಕೆಲವು ಎಂಜಿನ್‌ಗಳಲ್ಲಿ ಇದೇ ಕವಾಟ ಪೂರ್ತಿ ತೆರೆದಾಗ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅಂಥವುಗಳಲ್ಲಿ ಅದನ್ನು ಕಿತ್ತರೆ ನೀರು ರೇಡಿಯೇಟರ್ ತಪ್ಪಿಸಿ ಹರಿದು ಎಂಜಿನ್ ಇನ್ನಷ್ಟು ಕಾಯುತ್ತದೆ.

ಲೆಕ್ಕ ಮಾಡಿ ನೋಡೋಣ. ತಿಂಗಳಿಗೆ 3,000 ಕಿಲೋಮೀಟರ್ ಓಡುವ ವಾಹನ ಲೀಟರಿಗೆ 15ರ ಬದಲು 14 ಕಿಲೋಮೀಟರ್ ಕೊಟ್ಟಿತೆಂದು ಇಟ್ಟುಕೊಳ್ಳೋಣ. ಸುಮಾರು 14 ಲೀಟರ್ ಹೆಚ್ಚು ಬೇಕಾಗುತ್ತದೆ. ಲೀಟರಿಗೆ 90 ರೂಪಾಯಿ ಹಿಡಿದರೆ ತಿಂಗಳಿಗೆ ಸುಮಾರು 1,285 ರೂಪಾಯಿ, ವರ್ಷಕ್ಕೆ 15,000ಕ್ಕೂ ಮಿಕ್ಕಿದ ಹೊರೆ. ಕೆಟ್ಟ ಕವಾಟವನ್ನು ಹಾಗೆಯೇ ಬಿಟ್ಟು ಎಂಜಿನ್ ಕಾಯ್ದು ಹೆಡ್ ಬಾಗಿದರೆ ನಷ್ಟ ಇದಕ್ಕಿಂತ ಎಷ್ಟೋ ಪಟ್ಟು. ಬಾಡಿಗೆ ತಪ್ಪಿದ ದಿನಗಳ ಲೆಕ್ಕ ಬೇರೆ.

ಆದ್ದರಿಂದ ಮೊದಲು ಪರೀಕ್ಷೆ, ಅನಂತರ ಖರೀದಿ. ಎಂಜಿನ್ ಕಾಯಲು ಫ್ಯಾನ್, ನೀರಿನ ಪಂಪು, ಧೂಳು-ರವದಿ ಕಟ್ಟಿದ ರೇಡಿಯೇಟರ್ ಸಹ ಕಾರಣವಿರಬಹುದು. ಬಿಚ್ಚಿದ ಥರ್ಮೋಸ್ಟ್ಯಾಟನ್ನು ಉಷ್ಣಮಾಪಕದೊಂದಿಗೆ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸಿದರೆ ಅದು ಯಾವ ಉಷ್ಣತೆಗೆ ತೆರೆಯುತ್ತದೆಂದು ಕಣ್ಣಾರೆ ಕಾಣಬಹುದು. ಹೊಸದನ್ನು ಕೊಳ್ಳುವಾಗ ವಾಹನದ ಮಾದರಿ, ವರ್ಷ ಹಾಗೂ ಬಿಡಿಭಾಗದ ಸಂಖ್ಯೆ ತಾಳೆಯಾಗಬೇಕು. ಕವಾಟದ ಮೇಲೆ 82 ಅಥವಾ 88 ಡಿಗ್ರಿ ಎಂಬಂತೆ ಉಷ್ಣತೆಯನ್ನು ಅಚ್ಚೊತ್ತಿರುತ್ತಾರೆ. ತಯಾರಕರು ಸೂಚಿಸಿದ್ದನ್ನೇ ಹಾಕಬೇಕೇ ಹೊರತು, ಬಿಸಿಲು ಹೆಚ್ಚೆಂದು ಕಡಿಮೆ ಡಿಗ್ರಿಯದನ್ನು ಆರಿಸಬಾರದು.

ಬದಲಾಯಿಸುವ ಕೆಲಸ ಎಂಜಿನ್ ಪೂರ್ತಿ ತಣಿದ ಮೇಲೆಯೇ ಆಗಬೇಕು. ಬಿಸಿ ರೇಡಿಯೇಟರ್‌ನ ಮುಚ್ಚಳ ತೆರೆಯುವುದು ಅಪಾಯಕರ. ಕೂಡುವ ಮುಖಗಳನ್ನು ಶುದ್ಧಗೊಳಿಸಿ ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹಾಕಬೇಕು; ಗಾಳಿ ಹೊರಹೋಗುವ ಚಿಕ್ಕ ರಂಧ್ರವಿದ್ದರೆ ಅದು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು. ಒಳಗೆ ಸಿಕ್ಕಿದ ಗಾಳಿಯನ್ನು ಬಿಡದೆ ಕೆಲಸ ಮುಗಿಯಿತೆನ್ನಲಾಗದು. ಇಲ್ಲಿ ನೀರಿನ ಮಾತೂ ಬರುತ್ತದೆ. ಮುಧೋಳ-ಲೋಕಾಪುರದ ಕಡೆ ಸುಣ್ಣಕಲ್ಲಿನ ನೆಲ. ಇಂಥ ನೆಲದ ಕೊಳವೆಬಾವಿಯ ಗಡಸು ನೀರನ್ನು ತುಂಬಿದರೆ ಪಾತ್ರೆಗೆ ಹತ್ತುವ ಬಿಳಿ ಪದರು ಎಂಜಿನ್ನಿನೊಳಗೂ ಹತ್ತುತ್ತದೆ, ಹೊಸ ಕವಾಟವೂ ಬೇಗ ಸಿಕ್ಕಿಕೊಳ್ಳುತ್ತದೆ. ತಯಾರಕರು ಹೇಳಿದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್‌ನೊಂದಿಗೆ ಬೆರೆಸಿ ಹಾಕುವುದೇ ಕ್ಷೇಮ.

ಕೊನೆಯದಾಗಿ ಬಿಲ್ಲಿನ ವಿಷಯ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳಿಗೆ ಏಕರೂಪವಾಗಿ ಶೇಕಡಾ 18ರ ಜಿ.ಎಸ್.ಟಿ. ನಿಗದಿಯಾಗಿದೆ. ಸರಕು ವಾಹನಕ್ಕೆ ಕೊಂಡ ಬಿಡಿಭಾಗದ ತೆರಿಗೆಯನ್ನು ನೋಂದಾಯಿತ ವ್ಯಾಪಾರಸ್ಥರು ನಿಯಮಗಳಿಗೆ ಒಳಪಟ್ಟು ಇನ್‌ಪುಟ್ ಜಮೆಯಾಗಿ ಪಡೆಯಬಹುದು. ಸ್ವಂತ ಓಡಾಟದ ಕಾರಿನ ದುರಸ್ತಿ ಸೇವೆಗೆ ಸಾಮಾನ್ಯವಾಗಿ ಆ ಸೌಲಭ್ಯವಿಲ್ಲ. ಬಿಲ್ಲಿಲ್ಲದೆ ಅಗ್ಗವಾಗಿ ಕೊಂಡ ನಕಲಿ ಮಾಲಿಗೆ ಜಮೆಯೂ ಇಲ್ಲ, ಗ್ಯಾರಂಟಿಯೂ ಇಲ್ಲ.

ಪ್ರತಿ ವಾಹನಕ್ಕೆ ಒಂದು ಚಿಕ್ಕ ವಹಿ ಇಟ್ಟು ಓಡಿದ ಕಿಲೋಮೀಟರ್, ತುಂಬಿದ ಇಂಧನ, ಬದಲಿಸಿದ ಬಿಡಿಭಾಗಗಳನ್ನು ಬರೆದಿಡುವ ಪದ್ಧತಿಯನ್ನು ಸದಸ್ಯರು ರೂಢಿಸಿಕೊಳ್ಳುವುದು ಅಗತ್ಯ. ಮಗ್ಗದ ಒಂದು ಎಳೆ ಹರಿದರೆ ತಕ್ಷಣ ಗುರುತಿಸುವ ಊರಿನಲ್ಲಿ, ಎಂಜಿನ್ನಿನಿಂದ ತಿಂಗಳಿಗೆ 14 ಲೀಟರ್ ಸೋರಿಹೋಗುವುದು ಗುರುತಿಗೆ ಬಾರದೆ ಉಳಿಯಬಾರದು.