ಅಜ್ಜಿಯ ಸೋಬಾನೆ ಪದ ಹಳೇ ಬಾಕ್ಸಿನ ಜೊತೆ ಹೋಯಿತು

ಅಟ್ಟೂರು ಲೇಔಟಿನಲ್ಲಿ ನಾವು ಮೂವರು ಬಾಡಿಗೆಗಿರುವ ಮನೆಯ ಕೆಳಗಡೆಯೇ ಓನರ್ ಮನೆ. ಅಲ್ಲಿರುವ ಅಜ್ಜಿಗೆ 78 ವರ್ಷ. ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಯವರು, ಸೋಬಾನೆ ಪದ ಹೇಳುವವರು. ಕೆಲವು ವರ್ಷಗಳ ಹಿಂದೆ ಅವರೂರಿನ 5 ಜನ ಹೆಂಗಸರು ಜೆ.ಸಿ. ನಗರದ ದೂರದರ್ಶನ ಕೇಂದ್ರಕ್ಕೆ ಹೋಗಿ ಹಾಡಿ ಬಂದಿದ್ದರು. ಚಂದನದಲ್ಲಿ ಅದು ಬಂದ ದಿನ ಮನೆಯ ಸೊಸೆ ರಿಮೋಟಿನ ಕೆಂಪು ಗುಂಡಿ ಒತ್ತಿ ಸೆಟ್ ಟಾಪ್ ಬಾಕ್ಸಿನಲ್ಲಿ ರೆಕಾರ್ಡ್ ಮಾಡಿಟ್ಟರು. 25 ನಿಮಿಷದ ಕಾರ್ಯಕ್ರಮ. ನೆಂಟರು ಬಂದಾಗೆಲ್ಲ ಅದನ್ನು ಹಾಕುತ್ತಿದ್ದರು. ನಾವೂ ನಾಲ್ಕೈದು ಸಲ ನೋಡಿದ್ದೇವೆ. ಆ 5 ಜನರಲ್ಲಿ ಇಬ್ಬರು ಈಗಿಲ್ಲ.

ಹೋದ ಮಳೆಗಾಲದಲ್ಲಿ ಗುಡುಗು ಸಿಡಿಲಿನ ಒಂದು ರಾತ್ರಿ ಬಾಕ್ಸು ಸುಟ್ಟುಹೋಯಿತು. ಎರಡು ದಿನ ಬಿಟ್ಟು ಡಿಟಿಎಚ್ ಕಂಪನಿಯ ಹುಡುಗ ಬಂದ. ಹೊಸ ಬಾಕ್ಸ್ ಕೂರಿಸಿ ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡ.

"ಅದ್ರಲ್ಲಿ ನಮ್ಮತ್ತೆ ಹಾಡಿದ್ದು ಇತ್ತಲ್ಲಪ್ಪಾ" ಅಂದರು ಆಂಟಿ.

"ಅದು ಹಳೇ ಬಾಕ್ಸಿನ ಜೊತೆ ಹೋಯ್ತು ಮೇಡಂ. ತೆಗೆಯೋಕೆ ಬರಲ್ಲ" ಅಂದ.

ಹುಡುಗ ಸುಳ್ಳು ಹೇಳಿರಲಿಲ್ಲ. ಕೆಲಸ ಗೊತ್ತಿದ್ದೇ ಹೇಳಿದ್ದ. ಅವತ್ತು ಸಂಜೆ ಆಂಟಿ ಮೇಲೆ ಬಂದು ನಮ್ಮನ್ನು ಕೇಳಿದರು: "ನೀವು ಪೇಪರು ಟೀವಿ ಅಂತ ಓದಿದೋರು. ಇನ್ನೊಂದ್ಸಲ ಹಿಂಗಾಗಬಾರ್ದು ಅಂದ್ರೆ ಏನು ತಗೋಬೇಕು ಹೇಳಿ." ಅವರ ಮಗ ಆಗಲೇ ಟೀವಿ ಪಕ್ಕ ಒಂದು ಕಂಪ್ಯೂಟರೇ ಇಟ್ಟುಬಿಡೋಣ ಅನ್ನುತ್ತಿದ್ದ. ಆಂಟಿಗೆ ಮತ್ತೆ ರೆಕಾರ್ಡಿಂಗ್ ಬಾಕ್ಸೇ ಬೇಕಿತ್ತು. ಆ ಜಗಳದಲ್ಲಿ ನಾವು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಬಾಕ್ಸುಗಳು ನಿಮ್ಮೂರಿನ ಮನೆಗಳಲ್ಲೂ ಇವೆ.

ಮೊದಲು ಬಾಕ್ಸಿನ ಪರವಾಗಿ ಮಾತಾಡೋಣ. ಅದಕ್ಕೆ ಮೆಚ್ಚುಗೆ ಸಲ್ಲಬೇಕು. ಒಂದು ಗುಂಡಿ ಒತ್ತಿದರೆ ರೆಕಾರ್ಡ್ ಆಗುತ್ತದೆ. ಧಾರಾವಾಹಿಯ ಹೆಸರು ಆರಿಸಿ ಬಿಟ್ಟರೆ ದಿನಾ ತಾನೇ ಹಿಡಿದಿಡುತ್ತದೆ. ಒಂದು ಚಾನೆಲ್ ನೋಡುತ್ತಾ ಇನ್ನೊಂದನ್ನು ರೆಕಾರ್ಡ್ ಮಾಡುವ ಬಾಕ್ಸುಗಳೂ ಇವೆ. ಬಾಗಿಲು ಬಡಿದರೆ ನೇರ ಪ್ರಸಾರವನ್ನೇ ನಿಲ್ಲಿಸಿ, ಎದ್ದು ಹೋಗಿ ಬಂದು ಮುಂದುವರಿಸಬಹುದು. ಅಮೆರಿಕದಲ್ಲಿ 1999ರಲ್ಲಿ ಟಿವೋ ಬಂದಾಗ ಜನ ಬೆರಗಾಗಿದ್ದು ಇದಕ್ಕೇ. ಅಜ್ಜಿಯಂಥವರಿಗೂ ಎರಡು ದಿನದಲ್ಲಿ ಕಲಿಸಬಹುದು. ಸದ್ದಿಲ್ಲ, ವೈರಸ್ಸಿಲ್ಲ, ಅಪ್‌ಡೇಟ್ ಎಂದು ಅರ್ಧ ಗಂಟೆ ಕಾಯಿಸುವುದಿಲ್ಲ.

ಆದರೆ ಅದರೊಳಗಿನ ಹಾರ್ಡ್ ಡಿಸ್ಕಿನಲ್ಲಿರುವುದು ಬೀಗ ಹಾಕಿದ ಕಡತ. ಕಂಪನಿ ಕಳಿಸುವ ಸಿಗ್ನಲ್ಲಿಗೆ ಬೀಗ ಇರುತ್ತದೆ, ರೆಕಾರ್ಡ್ ಆಗುವುದೂ ಬೀಗದೊಂದಿಗೇ. ಬೀಗದ ಕೈ ಇರುವುದು ಆ ಬಾಕ್ಸಿನಲ್ಲಿ ಅಥವಾ ಅದರ ಕಾರ್ಡಿನಲ್ಲಿ. ಡಿಸ್ಕು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಅರ್ಥವಿಲ್ಲದ ಅಂಕಿಗಳ ರಾಶಿ ಕಾಣುತ್ತದೆ, ಅಷ್ಟೆ. ಅದೇ ಕಂಪನಿಯ ಅದೇ ಮಾದರಿಯ ಇನ್ನೊಂದು ಬಾಕ್ಸಿಗೆ ಹಾಕಿದರೂ ಓಡುವುದಿಲ್ಲ. ಎಷ್ಟೋ ಬಾಕ್ಸುಗಳಲ್ಲಿ ಚಂದಾ ಕಟ್ಟುವುದು ನಿಂತರೆ, ಹಿಂದೆ ರೆಕಾರ್ಡ್ ಮಾಡಿದ್ದೂ ತೆರೆಯುವುದಿಲ್ಲ. ಸೊಸೆ ಕೆಂಪು ಗುಂಡಿ ಒತ್ತಿದಾಗ ಅತ್ತೆಯ ಹಾಡನ್ನು ಎತ್ತಿಟ್ಟೆ ಅಂದುಕೊಂಡಿದ್ದರು. ನಿಜವಾಗಿ ಅದು ಬೇರೆಯವರ ಬೀರುವಿನಲ್ಲಿತ್ತು.

ವಿಡಿಯೋ ಕ್ಯಾಸೆಟ್ಟಿನ ಕಾಲದಲ್ಲಿ ಹೀಗಿರಲಿಲ್ಲ. ಕ್ಯಾಸೆಟ್ಟಿಗೆ ಬೂಸ್ಟು ಹಿಡಿಯುತ್ತಿತ್ತು, ಟೇಪು ಸಿಕ್ಕಿಕೊಳ್ಳುತ್ತಿತ್ತು, ಚಿತ್ರ ನಡುಗುತ್ತಿತ್ತು. ಆದರೆ ನಿಮ್ಮ ಮನೆಯ ಕ್ಯಾಸೆಟ್ ಪಕ್ಕದ ಮನೆಯ ಪ್ಲೇಯರಿನಲ್ಲೂ ಓಡುತ್ತಿತ್ತು. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಹಾಗಿದ್ದೂ ಅಟ್ಟದ ಮೇಲಿನ ಮದುವೆ ಕ್ಯಾಸೆಟ್ಟನ್ನು ಇವತ್ತಿಗೂ ಕಂಪ್ಯೂಟರಿಗೆ ಇಳಿಸಿಕೊಡುವವರು ಇದ್ದಾರೆ. ಸುಟ್ಟ ಬಾಕ್ಸಿನಿಂದ ಹಾಡು ಇಳಿಸಿಕೊಡುವವರು ನಮಗೆ ಯಾರೂ ಸಿಗಲಿಲ್ಲ.

ಇನ್ನು ಮಗ ಹೇಳುವ ಕಂಪ್ಯೂಟರ್. ಸಣ್ಣದೊಂದು ಸಿಪಿಯು ತಂದು ಎಚ್‌ಡಿಎಂಐ ವೈರಿನಲ್ಲಿ ಟೀವಿಗೆ ಜೋಡಿಸುವುದು, ಅದಕ್ಕೊಂದು ಟಿವಿ ಟ್ಯೂನರ್ ಹಾಕುವುದು, ಕೋಡಿಯಂಥ ಉಚಿತ ಸಾಫ್ಟ್‌ವೇರ್ ಹಾಕಿ ದೂರದಿಂದಲೇ ನಡೆಸುವುದು. ಎಸ್.ಪಿ. ರೋಡಿನಲ್ಲಿ ಒಂದು ಮಧ್ಯಾಹ್ನ ಸುತ್ತಿದರೆ ಹೊಸದೋ ಹಳೆಯದೋ ಸಾಮಾನು ಸಿಗುತ್ತದೆ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಚಂದಾ ಇಲ್ಲ. ಅದರಲ್ಲಿ ಬೀಗವಿಲ್ಲದೆ ಬರುವ ಚಾನೆಲ್ಲುಗಳನ್ನು ಟ್ಯೂನರ್ ನೇರವಾಗಿ ಹಿಡಿಯುತ್ತದೆ. ರೆಕಾರ್ಡ್ ಆಗುವುದು ಸಾಮಾನ್ಯ ವಿಡಿಯೋ ಫೈಲು. ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕ ಹಿಡಿದರೆ ಗಂಟೆಗೆ ಸುಮಾರು 1.8 ಜಿಬಿ. 1 ಟಿಬಿ ಡಿಸ್ಕಿನಲ್ಲಿ 500 ಗಂಟೆಗೂ ಮೇಲೆ ಹಿಡಿಸುತ್ತದೆ. ಅದನ್ನು ಪೆನ್ ಡ್ರೈವಿಗೆ ಹಾಕಬಹುದು, ಊರಿಗೆ ಕೊಂಡೊಯ್ಯಬಹುದು, ತಂಡದ ಉಳಿದವರ ಮನೆಗೂ ಕೊಡಬಹುದು.

ಕೇಳಲು ಚೆನ್ನಾಗಿದೆ. ಆದರೆ ಕಂಪ್ಯೂಟರಿಗೆ ಮನೆಯಲ್ಲೊಬ್ಬ ಆಳು ಬೇಕು. ಡ್ರೈವರ್ ಕೈಕೊಟ್ಟರೆ, ಕಾರ್ಯಕ್ರಮ ಪಟ್ಟಿ ತಪ್ಪು ಸಮಯ ತೋರಿಸಿದರೆ, ರೆಕಾರ್ಡಿಂಗ್ ನಡುವೆ ಕರೆಂಟು ಹೋದರೆ ನೋಡಿಕೊಳ್ಳುವವರು ಯಾರು? ಮಗ ರಾತ್ರಿ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿರುವವರು ಆಂಟಿ ಮತ್ತು ಅಜ್ಜಿ. ಟೀವಿ ಹಾಕಲು ಕೀಬೋರ್ಡ್ ಹಿಡಿಯಬೇಕಾದ ಮನೆಯಲ್ಲಿ ಟೀವಿ ನೋಡುವವರ ಕೈಯಿಂದ ರಿಮೋಟ್ ಕಿತ್ತುಕೊಂಡಂತೆಯೇ ಆಗುತ್ತದೆ. ಮನೆಗೆ ಏನು ಕೊಳ್ಳಬೇಕೆಂದು ತೀರ್ಮಾನಿಸುವಾಗ ದಿನಾ ಬಳಸುವವರ ಮಾತು ಮೊದಲು ಕೇಳಬೇಕು. ತಾಂತ್ರಿಕ ಜ್ಞಾನ ಇರುವವನ ಮಾತು ಆಮೇಲೆ.

ಕರೆಂಟಿನ ಲೆಕ್ಕವೂ ಇದೆ. 80 ವ್ಯಾಟಿನ ಹಳೇ ಕಂಪ್ಯೂಟರನ್ನು ಹಗಲೂ ರಾತ್ರಿ ಹಾಕಿಟ್ಟರೆ ತಿಂಗಳಿಗೆ ಸುಮಾರು 58 ಯೂನಿಟ್. 15 ವ್ಯಾಟಿನ ಬಾಕ್ಸಿಗೆ 11 ಯೂನಿಟ್ ಆಸುಪಾಸು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂಚಿನಲ್ಲಿರುವ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಂಪ್ಯೂಟರನ್ನೂ ಕಂಪನಿಗಳು ಕೈಬಿಡುತ್ತವೆ. ಮೈಕ್ರೋಸಾಫ್ಟ್ 2002ರಲ್ಲಿ ಟೀವಿ ನೋಡಲು, ರೆಕಾರ್ಡ್ ಮಾಡಲೆಂದೇ ವಿಂಡೋಸ್ ಮೀಡಿಯಾ ಸೆಂಟರ್ ತಂದಿತ್ತು. 2015ರ ವಿಂಡೋಸ್ 10ರಲ್ಲಿ ಅದನ್ನು ತೆಗೆದೇಬಿಟ್ಟಿತು. ಅದನ್ನೇ ನಂಬಿ ಮನೆ ಸಜ್ಜು ಮಾಡಿಕೊಂಡಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಆದರೆ ಸಾಫ್ಟ್‌ವೇರ್ ಹೋದರೂ ಬೀಗವಿಲ್ಲದ ಫೈಲು ಉಳಿಯುತ್ತದೆ, ಇನ್ನೊಂದು ಪ್ಲೇಯರಿನಲ್ಲಿ ತೆರೆಯುತ್ತದೆ.

ಹಾಗಾದರೆ ಯಾವುದು? ನಾವು ಆಂಟಿಗೆ ಮೊದಲು ಕೇಳಿದ್ದು ಒಂದೇ ಪ್ರಶ್ನೆ. ನಿಮಗೆ ಆಮೇಲೆ ನೋಡೋದಕ್ಕೆ ಬೇಕೋ, ಇಟ್ಟುಕೊಳ್ಳೋದಕ್ಕೆ ಬೇಕೋ? ಈ ಎರಡೂ ಬೇರೆ ಬೇರೆ ಕೆಲಸ. 1984ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ವಿಡಿಯೋ ರೆಕಾರ್ಡರ್ ಮೇಲಿನ ಪ್ರಸಿದ್ಧ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪ್ರಸಾರವಾದದ್ದನ್ನು ಮನೆಯವರು ರೆಕಾರ್ಡ್ ಮಾಡಿ ಬಿಡುವಾದಾಗ ನೋಡುವುದು ತಪ್ಪಲ್ಲ ಎಂದಿತ್ತು. ನಮ್ಮ ಮನೆಗಳಲ್ಲಿ ಹೆಚ್ಚಿನ ರೆಕಾರ್ಡಿಂಗ್ ಇದೇ ಬಗೆಯದು: ಧಾರಾವಾಹಿ, ಕ್ರಿಕೆಟ್, ನಾಳೆ ನೋಡಿ ನಾಡಿದ್ದು ಅಳಿಸುವಂಥದು. ಅದಕ್ಕೆ ಬಾಕ್ಸೇ ಸಾಕು. ಅದಕ್ಕಾಗಿ ಕಂಪ್ಯೂಟರಿಗೆ ದುಡ್ಡು ಸುರಿಯುವುದು ದಂಡ.

ಇಟ್ಟುಕೊಳ್ಳಬೇಕಾದದ್ದು ವರ್ಷಕ್ಕೆ ಒಂದೋ ಎರಡೋ ಬರುತ್ತದೆ. ಅಜ್ಜಿಯ ಹಾಡು, ನಿಮ್ಮೂರ ಜಾತ್ರೆಯ ಸುದ್ದಿ, ಮಗಳು ವೇದಿಕೆ ಹತ್ತಿದ ಕಾರ್ಯಕ್ರಮ. ಅಂಥದ್ದನ್ನು ಬಾಕ್ಸಿನಲ್ಲಿ ಬಿಡಬೇಡಿ, ಅದೇ ವಾರ ಹೊರಗೆ ತೆಗೆಯಿರಿ. ದಾರಿ ಸುಲಭ. ಎಚ್‌ಡಿಎಂಐ ಕಡೆಯಿಂದ ತೆಗೆಯಲು ಹೋದರೆ ಅಲ್ಲೂ ಬೀಗ ಅಡ್ಡ ಬರುತ್ತದೆ. ಆದರೆ ಬಹಳಷ್ಟು ಬಾಕ್ಸುಗಳಿಗೆ ಹಳದಿ, ಕೆಂಪು, ಬಿಳಿ ತುದಿಗಳ ಎವಿ ವೈರು ಜೋಡಿಸಬಹುದು. ಅದನ್ನು ಯುಎಸ್‌ಬಿ ಕ್ಯಾಪ್ಚರ್ ಎನ್ನುವ ಪುಟ್ಟ ಸಾಧನಕ್ಕೆ ಚುಚ್ಚಿ, ಇರುವ ಹಳೇ ಲ್ಯಾಪ್‌ಟಾಪಿಗೆ ಸೇರಿಸಿ, ಬಾಕ್ಸಿನಲ್ಲಿ ಕಾರ್ಯಕ್ರಮ ಹಾಕಿ. 25 ನಿಮಿಷದ ಹಾಡಿಗೆ 25 ನಿಮಿಷ ಹಿಡಿಯುತ್ತದೆ. ಚಿತ್ರ ಸ್ವಲ್ಪ ಮಂಕಾಗಬಹುದು, ಆದರೆ ಫೈಲು ನಿಮ್ಮದಾಗುತ್ತದೆ. ಫ್ರೀ ಡಿಶ್ ಇರುವವರಿಗೆ ಇನ್ನೂ ಸುಲಭ. ಪೆನ್ ಡ್ರೈವ್ ಚುಚ್ಚಿದರೆ ರೆಕಾರ್ಡ್ ಮಾಡುವ ಬಾಕ್ಸುಗಳು ಅಗ್ಗಕ್ಕೆ ಸಿಗುತ್ತವೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎರಡು ನಿಮಿಷ ರೆಕಾರ್ಡ್ ಮಾಡಿಸಿ, ಆ ಪೆನ್ ಡ್ರೈವನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಓಡಿದರೆ ತಗೊಳ್ಳಿ, ಇಲ್ಲದಿದ್ದರೆ ಬಿಡಿ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಖಾಸಗಿ, ಸ್ವಂತ ಬಳಕೆಗೆ ನ್ಯಾಯಯುತವಾಗಿ ಉಪಯೋಗಿಸಲು ಅವಕಾಶ ಇಟ್ಟಿದೆ. ಮನೆಯಲ್ಲಿ ಇಟ್ಟು ನೋಡಿ. ಅದನ್ನು ಯೂಟ್ಯೂಬಿಗೆ ಹಾಕಿ ದುಡ್ಡು ಮಾಡಲು ಹೋಗಬೇಡಿ, ಬೀಗ ಒಡೆಯುವ ಸಾಫ್ಟ್‌ವೇರ್ ಹುಡುಕಲೂ ಹೋಗಬೇಡಿ.

"ಈಗೆಲ್ಲಾ ಯೂಟ್ಯೂಬಲ್ಲೇ ಇರುತ್ತಲ್ಲ" ಎಂದು ನೀವು ಕೇಳಬಹುದು. ಮಗನೂ ಕೇಳಿದ. ನಾವು ನಾಲ್ವರೂ ಕೂತು ಎರಡು ಸಂಜೆ ಹುಡುಕಿದೆವು. ಅಜ್ಜಿಯ ಕಾರ್ಯಕ್ರಮ ಸಿಗಲಿಲ್ಲ. ಸಿನಿಮಾ ಹಾಡಿಗೆ ನೂರು ಕಡೆ ನೂರು ಪ್ರತಿ ಇರುತ್ತದೆ. ಹಳ್ಳಿಯ 5 ಹೆಂಗಸರ ಸೋಬಾನೆ ಪದಕ್ಕೆ ಇದ್ದದ್ದು ಆ ಮನೆಯ ಆ ಒಂದು ಪ್ರತಿ. ಪಟ್ಟಣದ ದೊಡ್ಡ ಸುದ್ದಿ ತಾನಾಗಿ ಉಳಿಯುತ್ತದೆ, ಹಳ್ಳಿಯದನ್ನು ಯಾರಾದರೂ ಎತ್ತಿಡಬೇಕು ಎಂದು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದ ನಾವೂ ಅದನ್ನು ನಾಲ್ಕೈದು ಸಲ ನೋಡಿ ಎದ್ದು ಬಂದಿದ್ದೆವು. ಒಂದು ವೈರು ತಂದು ಚುಚ್ಚಬೇಕು ಅಂತ ನಮಗೇ ಹೊಳೆದಿರಲಿಲ್ಲ. ತಪ್ಪು ನಮ್ಮದೂ ಇದೆ.

ಕೊನೆಗೆ ಆಂಟಿ ಬಾಕ್ಸನ್ನೇ ಇಟ್ಟುಕೊಂಡರು. ಮಗ ಕಂಪ್ಯೂಟರಿನ ಆಸೆ ಬಿಟ್ಟು ಕ್ಯಾಪ್ಚರ್ ವೈರು, ಒಂದು ಹಾರ್ಡ್ ಡಿಸ್ಕ್ ತಂದ. ಇನ್ನು ಮುಂದೆ ಬೇಕಾದದ್ದು ಅದರಲ್ಲಿ ಒಂದು ಪ್ರತಿ, ಊರಿನ ಚಿಕ್ಕಪ್ಪನ ಮನೆಯಲ್ಲಿ ಒಂದು ಪ್ರತಿ ಎಂದು ಮಾತಾಯಿತು.

ಆ ಚಿಕ್ಕಪ್ಪನಿಗೆ ಫೋನ್ ಮಾಡಿದಾಗಲೇ ಇನ್ನೊಂದು ವಿಷಯ ಗೊತ್ತಾದದ್ದು. ಕಾರ್ಯಕ್ರಮ ಬಂದ ದಿನ ಅವರ ಮಗಳು ಮೊಬೈಲನ್ನು ಟೀವಿಗೆ ಹಿಡಿದು 4 ನಿಮಿಷ ವಿಡಿಯೋ ಮಾಡಿದ್ದಳಂತೆ. ಆ ಮೊಬೈಲು ಯಾವತ್ತೋ ಕೆಟ್ಟುಹೋಗಿದೆ. ಆದರೆ ವಿಡಿಯೋ ಮೆಮೊರಿ ಕಾರ್ಡಿನಲ್ಲಿತ್ತು, ಅಲ್ಲಿಂದ ಇನ್ನೊಂದು ಮೊಬೈಲಿಗೆ, ಅಲ್ಲಿಂದ ವಾಟ್ಸಾಪಿಗೆ ಬಂತು. ಚಿತ್ರ ಅಲ್ಲಾಡುತ್ತದೆ, ಮೂಲೆಯಲ್ಲಿ ಟ್ಯೂಬ್‌ಲೈಟ್ ಹೊಳೆಯುತ್ತದೆ, ನಡುವೆ ಕುಕ್ಕರ್ ಕೂಗುತ್ತದೆ. ಅಜ್ಜಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಈಗ ಇಲ್ಲದ ಆ ಇಬ್ಬರನ್ನೂ ಬೆರಳಿಟ್ಟು ತೋರಿಸಿದರು.